ಕಾರಿನ ರಿಲಯಬಿಲಿಟಿ ರೇಟಿಂಗ್: ಯಾವ ಪಟ್ಟಿಯನ್ನು ಯಾವುದಕ್ಕೆ ನಂಬಬೇಕು?

ಅಮೆರಿಕದಲ್ಲಿ ಕಾರು ಕೊಳ್ಳಲು ಹೊರಟವರಿಗೆ ಎರಡು ಹೆಸರು ಎದುರಾಗದೆ ಇರುವುದಿಲ್ಲ: ಕನ್ಸ್ಯೂಮರ್ ರಿಪೋರ್ಟ್ಸ್ ಮತ್ತು ಜೆ.ಡಿ. ಪವರ್. ಯಾವ ಗಾಡಿ ಎಷ್ಟು ಕೆಡದೆ ಓಡುತ್ತದೆ ಎಂದು ಎರಡೂ ಕಾರಿನ ಮಾಲೀಕರನ್ನೇ ಕೇಳಿ ಪಟ್ಟಿ ಮಾಡುತ್ತವೆ, ಆದರೂ ಪಟ್ಟಿಗಳು ಹೊಂದುವುದಿಲ್ಲ. 2024ರ ಡಿಸೆಂಬರಿನಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್‌ನ ಬ್ರ್ಯಾಂಡ್ ಪಟ್ಟಿಯ ಮೊದಲ ಸ್ಥಾನ ಸುಬಾರುಗೆ ಸಿಕ್ಕಿತು. ಎರಡೇ ತಿಂಗಳ ನಂತರ ಬಂದ ಜೆ.ಡಿ. ಪವರ್ ಬಾಳಿಕೆ ಸಮೀಕ್ಷೆಯಲ್ಲಿ ಮೊದಲು ಲೆಕ್ಸಸ್, ಎರಡನೆಯದು ಬ್ಯೂಕ್. ಇದರಲ್ಲಿ ಯಾರ ಮೋಸವೂ ಇಲ್ಲ. ಕೇಳಿದ ಪ್ರಶ್ನೆ ಬೇರೆ, ಕೇಳಿದ ಜನ ಬೇರೆ, ಲೆಕ್ಕ ಹಾಕಿದ ರೀತಿ ಬೇರೆ.

ಈ ರೇಟಿಂಗ್‌ಗಳು ಕೆಟ್ಟ ಗಾಡಿಯನ್ನು ಪಟ್ಟಿಯಿಂದ ಹೊಡೆದುಹಾಕಲು ತುಂಬ ಉಪಯೋಗಕ್ಕೆ ಬರುತ್ತವೆ. ಚೆನ್ನಾಗಿರುವ ಎರಡು ಗಾಡಿಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಲು ಅಷ್ಟಾಗಿ ಬರುವುದಿಲ್ಲ. ಬಹಳ ಜನ ಬಳಸುವುದು ಮಾತ್ರ ಎರಡನೆಯದಕ್ಕೇ.

ಇಬ್ಬರೂ ಕೇಳುವುದು ಏನು

ಕನ್ಸ್ಯೂಮರ್ ರಿಪೋರ್ಟ್ಸ್ 1936ರಿಂದ ನಡೆಯುತ್ತಿರುವ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರೀಕ್ಷೆಗೆ ಬೇಕಾದ ಕಾರುಗಳನ್ನು ತಾನೇ ದುಡ್ಡು ಕೊಟ್ಟು ಕೊಳ್ಳುತ್ತದೆ. ರಿಲಯಬಿಲಿಟಿ ಅಂಕ ಬರುವುದು ಅದರ ಸದಸ್ಯರ ವಾರ್ಷಿಕ ಸಮೀಕ್ಷೆಯಿಂದ. ಕಳೆದ 12 ತಿಂಗಳಲ್ಲಿ ನಿಮ್ಮ ಕಾರಿಗೆ ಗಂಭೀರ ತೊಂದರೆ ಏನಾದರೂ ಬಂತೇ ಎಂಬುದು ಪ್ರಶ್ನೆ. ಖರ್ಚು ಬಂದದ್ದು, ಭಾಗ ಕೆಟ್ಟುನಿಂತದ್ದು, ಸುರಕ್ಷತೆಗೆ ಧಕ್ಕೆಯಾದದ್ದು, ಗಾಡಿ ಗ್ಯಾರೇಜಿನಲ್ಲಿ ಬಿದ್ದದ್ದು, ಇವು ಗಂಭೀರ. ಎಂಜಿನ್, ಗೇರ್‌ಬಾಕ್ಸ್, ಕೂಲಿಂಗ್, ಬ್ರೇಕ್, ಸಸ್ಪೆನ್ಷನ್, ಎಸಿ, ಬಣ್ಣ, ಒಳಗಿನ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕ್ ಗಾಡಿಯಾದರೆ ಬ್ಯಾಟರಿ, ಮೋಟಾರು, ಚಾರ್ಜಿಂಗ್ ಎಂದು 20 ವಿಭಾಗ. ಒಟ್ಟು ಅಂಕ ಕಟ್ಟುವಾಗ ಎಂಜಿನ್, ಗೇರ್‌ಬಾಕ್ಸ್‌ನ ದೊಡ್ಡ ರಿಪೇರಿಗೆ ಹೆಚ್ಚು ತೂಕ. ಸಣ್ಣ ಕಿರಿಕಿರಿಗೂ ದೊಡ್ಡ ಹೊಡೆತಕ್ಕೂ ವ್ಯತ್ಯಾಸ ಮಾಡುವುದರಿಂದ ಕೊಳ್ಳುವವರಿಗೆ ಈ ಅಂಕವೇ ಹೆಚ್ಚು ಹತ್ತಿರದ್ದು.

ಜೆ.ಡಿ. ಪವರ್ ಮಾರುಕಟ್ಟೆ ಸಂಶೋಧನೆಯ ಕಂಪನಿ. ಸಮೀಕ್ಷೆಯ ವಿವರವನ್ನು ಕಾರು ತಯಾರಕರಿಗೆ ಮಾರುತ್ತದೆ, ಗೆದ್ದವರು ಆ ಪ್ರಶಸ್ತಿಯನ್ನು ಜಾಹೀರಾತಿನಲ್ಲಿ ತೋರಿಸಲು ಲೈಸೆನ್ಸ್ ಪಡೆಯುತ್ತಾರೆ. ಇದರಿಂದ ಅಂಕಿ ಸುಳ್ಳಾಗುವುದಿಲ್ಲ, ಆದರೆ ಪ್ರಶ್ನೆಪಟ್ಟಿ ಯಾರ ಅಗತ್ಯಕ್ಕೆ ತಯಾರಾಗಿದೆ ಎಂಬುದು ತಿಳಿಯುತ್ತದೆ. ಇವರದು ಎರಡು ಬೇರೆ ಬೇರೆ ಸಮೀಕ್ಷೆ. ಮೊದಲನೆಯದು ಹೊಸ ಕಾರಿನ ಮೊದಲ 90 ದಿನದ್ದು. ಎರಡನೆಯದು ಮೂರು ವರ್ಷ ಹಳೆಯ ಕಾರಿನ ಮೊದಲ ಮಾಲೀಕರನ್ನು ಕೇಳುವ ಬಾಳಿಕೆ ಸಮೀಕ್ಷೆ. ಟಿವಿ ಜಾಹೀರಾತಿನಲ್ಲಿ ಮಿಂಚುವುದು ಹೆಚ್ಚಾಗಿ ಮೊದಲನೆಯದು. ನಿಮಗೆ ಬೇಕಾದದ್ದು ಎರಡನೆಯದು. ಅಂಕವನ್ನು 100 ಕಾರಿಗೆ ಎಷ್ಟು ತೊಂದರೆ ಎಂಬ ಲೆಕ್ಕದಲ್ಲಿ ಕೊಡುತ್ತಾರೆ, ತೂಕದ ವ್ಯತ್ಯಾಸವಿಲ್ಲ. ಫೋನು ಸ್ಕ್ರೀನಿಗೆ ಕನೆಕ್ಟ್ ಆಗಲಿಲ್ಲ ಎಂಬುದೂ ಒಂದು, ಗೇರ್‌ಬಾಕ್ಸ್ ಬದಲಾಯಿಸಬೇಕಾಯಿತು ಎಂಬುದೂ ಒಂದು.

2003ರಲ್ಲಿ 90 ದಿನದ ಸಮೀಕ್ಷೆಯಲ್ಲಿ ಹಮ್ಮರ್ ಕೊನೆಯ ಸ್ಥಾನಕ್ಕೆ ಬಿತ್ತು, 100 ಕಾರಿಗೆ 225 ತೊಂದರೆ. ಮಾಲೀಕರ ಮುಖ್ಯ ದೂರು ಪೆಟ್ರೋಲ್ ವಿಪರೀತ ಕುಡಿಯುತ್ತದೆ ಎಂಬುದು. ಅದು ನಿಜವೇ, ಆದರೆ ಕಾರು ಕೆಟ್ಟುಹೋದದ್ದಲ್ಲ. 2011ರಲ್ಲಿ ಫೋರ್ಡ್ ಇದೇ ಸಮೀಕ್ಷೆಯಲ್ಲಿ 5ನೇ ಸ್ಥಾನದಿಂದ 23ಕ್ಕೆ ಜಾರಿತು. ಕಾರಣ ಎರಡು: ಮೈಫೋರ್ಡ್ ಟಚ್ ಎಂಬ ತಡವರಿಸುವ ಸ್ಕ್ರೀನು, ಮತ್ತು ಆಗಷ್ಟೇ ಬಂದಿದ್ದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಸ್ಕ್ರೀನಿನ ಸಮಸ್ಯೆ ಸಾಫ್ಟ್‌ವೇರ್ ಬದಲಾದಂತೆ ಹೋಯಿತು. ಫಿಯೆಸ್ಟಾ, ಫೋಕಸ್ ಕಾರುಗಳ ಆ ಗೇರ್‌ಬಾಕ್ಸ್ ಮಾತ್ರ ವರ್ಷಗಟ್ಟಲೆ ನಡುಗುತ್ತಾ, ಕ್ಲಚ್ ಮೇಲೆ ಕ್ಲಚ್ ತಿನ್ನುತ್ತಾ ಮಾಲೀಕರನ್ನು ಸುಸ್ತುಮಾಡಿ ಕೋರ್ಟಿನವರೆಗೂ ಹೋಯಿತು. 23 ಎಂಬ ಒಂದು ಅಂಕಿಯೊಳಗೆ ಇವೆರಡೂ ಬೆರೆತು ಕೂತಿದ್ದವು. ಯಾವುದು ತಾತ್ಕಾಲಿಕ, ಯಾವುದು ಶಾಶ್ವತ ಎಂದು ಆ ಅಂಕಿ ಹೇಳುವುದಿಲ್ಲ.

ಇತ್ತೀಚಿನ ಲೆಕ್ಕವೊಂದನ್ನು ನೋಡಿ. 2025ರ ಬಾಳಿಕೆ ಸಮೀಕ್ಷೆಯಲ್ಲಿ ಲೆಕ್ಸಸ್‌ಗೆ 140, ಎಲ್ಲ ಬ್ರ್ಯಾಂಡ್‌ಗಳ ಸರಾಸರಿ 202. ಕೇಳಿದರೆ ಅಗಾಧ ಅಂತರ. ಆದರೆ ಇದು 100 ಕಾರಿನ ಲೆಕ್ಕ. ಒಂದು ಕಾರಿಗೆ ಇಳಿಸಿದರೆ ವರ್ಷಕ್ಕೆ 1.4 ತೊಂದರೆ ಎದುರು 2.02, ಅಂದರೆ ಅಂತರ ಅರ್ಧ ತೊಂದರೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದರ ಹಿಂದಿನ ವರ್ಷದ ಸರಾಸರಿ 190ರಲ್ಲಿ ಸುಮಾರು 49 ಬಂದದ್ದು ಸ್ಕ್ರೀನು, ಬ್ಲೂಟೂತ್, ಧ್ವನಿ ಆದೇಶದಂಥ ಇನ್ಫೋಟೈನ್‌ಮೆಂಟ್ ವಿಭಾಗದಿಂದ, ಅಂದರೆ ಕಾಲು ಭಾಗ. ರಸ್ತೆ ಮಧ್ಯೆ ಕೈಕೊಡುವ ತೊಂದರೆ ಎಷ್ಟು ಎಂದು ತಿಳಿಯಲು ಪವರ್‌ಟ್ರೇನ್ (ಎಂಜಿನ್, ಗೇರ್‌ಬಾಕ್ಸ್) ವಿಭಾಗದ ಅಂಕ ಬೇಕು. ಪತ್ರಿಕೆಯಲ್ಲಿ ಬರುವ ಬ್ರ್ಯಾಂಡ್ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಬಣ್ಣದ ಚುಕ್ಕೆಯ ಹಿಂದೆ ಎಷ್ಟು ಕಾರು?

ಕನ್ಸ್ಯೂಮರ್ ರಿಪೋರ್ಟ್ಸ್ ಚಾರ್ಟಿನಲ್ಲಿ ಪ್ರತಿ ವಿಭಾಗದ ಅಂಕವನ್ನು ಹಸಿರಿನಿಂದ (ಉತ್ತಮ) ಕೆಂಪಿನವರೆಗೆ (ಕೆಟ್ಟದ್ದು) ಹಂತ ಹಂತವಾಗಿ ಬಣ್ಣದ ಚುಕ್ಕೆಯಲ್ಲಿ ತೋರಿಸುತ್ತಾರೆ. ಅವರಿಗೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಕಾರುಗಳ ವಿವರ ಬರುತ್ತದೆ; 2023ರಲ್ಲಿ 3.3 ಲಕ್ಷ ದಾಟಿತ್ತು. ಆದರೆ ಅದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನೂರಾರು ಮಾಡೆಲ್‌ಗಳ ನಡುವೆ ಹಂಚಿಹೋಗಬೇಕು. ಕೊನೆಗೆ ಒಂದು ಮಾಡೆಲ್‌ನ ಒಂದು ವರ್ಷದ ಚುಕ್ಕೆಗೆ ಸಿಗುವುದು ಕೆಲವು ನೂರು ಕಾರು, ಕಡಿಮೆ ಮಾರಾಟವಾಗುವ ಗಾಡಿಗೆ ಇನ್ನೂ ಕಮ್ಮಿ.

200 ಕಾರು ಎಂದಿಟ್ಟುಕೊಳ್ಳಿ. 20 ಜನ ಎಸಿ ಕೆಟ್ಟಿತ್ತು ಎಂದರು, ಅಂದರೆ ಶೇ. 10. ಇಷ್ಟು ಚಿಕ್ಕ ಮಾದರಿಯಲ್ಲಿ ನಿಜವಾದ ಪ್ರಮಾಣ ಶೇ. 6ರಿಂದ 14ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪಕ್ಕದ ಮಾಡೆಲ್‌ನಲ್ಲಿ 26 ಜನ ಹೇಳಿದ್ದರೆ ಶೇ. 13, ಅದರ ವ್ಯಾಪ್ತಿ 8ರಿಂದ 18. ಎರಡೂ ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೆ ಹಸಿರು, ಇನ್ನೊಂದಕ್ಕೆ ಹಳದಿ ಬಂದಿರಬಹುದು. ಮುಂದಿನ ವರ್ಷ ಅದಲುಬದಲಾದರೂ ಆಶ್ಚರ್ಯವಿಲ್ಲ. ಅದೇ ಇನ್ನೊಂದು ಮಾಡೆಲ್‌ನಲ್ಲಿ 60 ಜನ ದೂರಿದ್ದರೆ ಅದು ಮಾದರಿಯ ಏರುಪೇರು ಅಲ್ಲ, ಗಾಡಿಯಲ್ಲೇ ದೋಷವಿದೆ. ಒಂದು ಹಂತದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎರಡು ಹಂತ, ಅದೂ ಮೂರು ವರ್ಷ ಸತತವಾಗಿ ಕಂಡರೆ ನಂಬಿ.

ದೊಡ್ಡ ರಿಪೇರಿಯಲ್ಲಿ ಈ ಸಮಸ್ಯೆ ಇನ್ನೂ ತೀವ್ರ. ವರ್ಷಕ್ಕೆ ಶೇ. 2ರಷ್ಟು ಎಂಜಿನ್ ಹೋಗುವ ಕಾರು ಭಯಂಕರ ಕಾರು. ಆದರೆ 200ರಲ್ಲಿ ಶೇ. 2 ಎಂದರೆ ನಾಲ್ಕೇ ಕಾರು. ಸಮೀಕ್ಷೆಗೆ ಒಂದೇ ಸಿಕ್ಕಿದರೂ ಸಿಕ್ಕಿತು, ಏಳು ಸಿಕ್ಕಿದರೂ ಸಿಕ್ಕಿತು. ಜೇಬಿಗೆ ಎಲ್ಲಕ್ಕಿಂತ ಭಾರವಾದ ದೋಷವೇ ಸಮೀಕ್ಷೆಯ ಕಣ್ಣಿಗೆ ಎಲ್ಲಕ್ಕಿಂತ ಮಸುಕು.

ಚುಕ್ಕೆಯ ಬಗ್ಗೆ ಇನ್ನೂ ಒಂದು ಮಾತು. ಅಂಕವೆಲ್ಲ ಅದೇ ವಯಸ್ಸಿನ ಬೇರೆ ಕಾರುಗಳಿಗೆ ಹೋಲಿಸಿ ಕೊಟ್ಟದ್ದು. ಒಂದು ವರ್ಷದ ಕಾರುಗಳಲ್ಲಿ ಎಲ್ಲಕ್ಕೂ ತೊಂದರೆ ಕಡಿಮೆಯೇ, ಹಾಗಾಗಿ ಅಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ನಿಜವಾದ ಅಂತರ ಕಿರಿದು. ಎಂಟು ವರ್ಷದ ಕಾರುಗಳಲ್ಲಿ ಅದೇ ಅಂತರ ಅಗಲವಾಗುತ್ತದೆ. ಹಳೆಯ ಗಾಡಿಯ ಕೆಂಪು ಚುಕ್ಕೆಗೆ ಹೊಸ ಗಾಡಿಯ ಕೆಂಪು ಚುಕ್ಕೆಗಿಂತ ಹೆಚ್ಚು ಬೆಲೆ ಕೊಡಿ. ಲೈಬ್ರರಿಯಲ್ಲಿ ಹಳೆಯ ಸಂಚಿಕೆ ತೆರೆದರೆ ಎಚ್ಚರ: ಹಿಂದೆ ಅವರ ಚಾರ್ಟಿನಲ್ಲಿ ಕೆಂಪು ಎಂದರೆ ಉತ್ತಮ, ಕಪ್ಪು ಎಂದರೆ ಕೆಟ್ಟದ್ದು. ಹಸಿರು-ಕೆಂಪಿನ ಪದ್ಧತಿ ಆಮೇಲೆ ಬಂದದ್ದು.

ಊಹೆಯ ರೇಟಿಂಗ್, ಅನುಭವದ ರೇಟಿಂಗ್

ಹೊಸ ಕಾರಿನ ಪುಟದಲ್ಲಿ ಕಾಣುವ ‘ಪ್ರೆಡಿಕ್ಟೆಡ್ ರಿಲಯಬಿಲಿಟಿ’ ಅದೇ ಕಾರಿನ ಅನುಭವವಲ್ಲ. ಮಾಡೆಲ್ ಬದಲಾಗದೆ ಇದ್ದರೆ ಹಿಂದಿನ ಮೂರು ವರ್ಷಗಳ ದಾಖಲೆಯಿಂದ ಅದನ್ನು ಕಟ್ಟುತ್ತಾರೆ, ಅಲ್ಲಿ ನಂಬಿಕೆ ಇಡಬಹುದು. ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಹೊಸ ಚಾಸಿಸ್ ಬಂದ ವರ್ಷದಲ್ಲಿ ಬ್ರ್ಯಾಂಡಿನ ಹಳೆಯ ಹೆಸರಿನ ಮೇಲೆ ಊಹೆ ನಿಲ್ಲುತ್ತದೆ. ಆ ಹೆಸರಿಗೂ ಮಿತಿಯಿದೆ. ಟೊಯೋಟಾದ ಹೊಸ ಮಾಡೆಲ್‌ಗಳನ್ನು ಕನ್ಸ್ಯೂಮರ್ ರಿಪೋರ್ಟ್ಸ್ ಮೊದಲೆಲ್ಲ ದಾಖಲೆಗೆ ಕಾಯದೆ ಶಿಫಾರಸು ಮಾಡುತ್ತಿತ್ತು. ಆ ಸವಲತ್ತನ್ನು 2007ರಲ್ಲಿ ನಿಲ್ಲಿಸಿತು, ಏಕೆಂದರೆ ವಿ6 ಕ್ಯಾಮ್ರಿ, ಫೋರ್ ವೀಲ್ ಡ್ರೈವ್ ವಿ8 ಟಂಡ್ರಾ, ಆಲ್ ವೀಲ್ ಡ್ರೈವ್ ಲೆಕ್ಸಸ್ ಜಿಎಸ್ ಸರಾಸರಿಗಿಂತ ಕೆಳಗೆ ಬಂದವು. 2022ರಲ್ಲಿ ಟಂಡ್ರಾ ಪೂರ್ತಿ ಬದಲಾಗಿ ಹೊಸ ಟರ್ಬೊ ವಿ6 ಎಂಜಿನ್‌ನೊಂದಿಗೆ ಬಂತು. 2024ರ ಮೇ ತಿಂಗಳಲ್ಲಿ ಸುಮಾರು ಒಂದು ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳು ರೀಕಾಲ್ ಆದವು, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸು ಕರೆಸಿತು. ಎಂಜಿನ್ ತಯಾರಿಯಲ್ಲಿ ಲೋಹ ಕೊರೆದಾಗಿನ ಚೂರು ಒಳಗೇ ಉಳಿದು ಮೇನ್ ಬೇರಿಂಗ್ ಹಾಳಾಗುತ್ತಿತ್ತು. ಹೆಸರು ಎಷ್ಟೇ ದೊಡ್ಡದಿರಲಿ, ಮಾಡೆಲ್ ಬದಲಾದ ಮೊದಲ ವರ್ಷದ ಗಾಡಿಯನ್ನು ರೇಟಿಂಗ್ ನೋಡಿ ಕೊಳ್ಳುವುದು ಸರಿಯಲ್ಲ.

ಇಂಥದ್ದೇ ಚೂರಿನ ಕಥೆ ಹ್ಯುಂಡೈನ ಥೀಟಾ 2 ಎಂಜಿನ್‌ನದು. 2011ರ ಮಾಡೆಲ್‌ನಿಂದ ಸೊನಾಟಾದಲ್ಲಿ ಬಂದ ಈ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ಎಣ್ಣೆ ದಾರಿಯಲ್ಲಿ ಲೋಹದ ಚೂರು ಸಿಕ್ಕಿ, ಕನೆಕ್ಟಿಂಗ್ ರಾಡ್ ಬೇರಿಂಗಿಗೆ ಎಣ್ಣೆ ತಲುಪದೆ ಎಂಜಿನ್ ಹಿಡಿದುಕೊಳ್ಳುತ್ತಿತ್ತು. ಮೊದಲ ರೀಕಾಲ್ 2015ರಲ್ಲಿ, ಕಿಯಾ ಸೇರಿ ದೊಡ್ಡ ರೀಕಾಲ್ 2017ರಲ್ಲಿ. ಮೊದಲ 90 ದಿನದಲ್ಲಿ ಇದು ಕಾಣುವುದೇ ಇಲ್ಲ. ಮೂರು ವರ್ಷಕ್ಕೆ ನಿಲ್ಲುವ ಸಮೀಕ್ಷೆಗೂ ಹೆಚ್ಚಿನದು ತಪ್ಪಿಹೋಗುತ್ತದೆ, ಬೇರಿಂಗ್ ಸವೆಯಲು ಮೈಲಿ ಓಡಬೇಕು.

ಎಲೆಕ್ಟ್ರಿಕ್ ಗಾಡಿಗಳ ಅಂಕಿ ಇನ್ನೂ ಬೇಗ ಹಳಸುತ್ತದೆ. 2023ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಕಾರಿನಲ್ಲಿ ಶೇ. 79, ಪ್ಲಗ್-ಇನ್ ಹೈಬ್ರಿಡ್‌ನಲ್ಲಿ (ಪೆಟ್ರೋಲ್ ಜೊತೆಗೆ ಚಾರ್ಜೂ ಮಾಡುವಂಥದ್ದು) ಶೇ. 146 ಹೆಚ್ಚು ತೊಂದರೆ ಎಂದಿತು. ಮರುವರ್ಷ ಅದೇ ಅಂಕಿ 42 ಮತ್ತು 70ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಇಷ್ಟು ಬದಲಾಗುವ ಸರಾಸರಿಯಿಂದ ನಿರ್ದಿಷ್ಟ ಗಾಡಿಯ ಬಗ್ಗೆ ತೀರ್ಪು ಕೊಡಲಾಗದು. ಮಾಮೂಲಿ ಹೈಬ್ರಿಡ್‌ಗೆ 2023ರಲ್ಲಿ ಪೆಟ್ರೋಲ್ ಕಾರಿಗಿಂತ ಶೇ. 26 ಕಡಿಮೆ ತೊಂದರೆ ಇತ್ತು. ಪಕ್ವವಾದ ತಂತ್ರಜ್ಞಾನದ ಮಾತು ಇದು, ಇದನ್ನು ಹೆಚ್ಚು ನೆಚ್ಚಬಹುದು.

ಅವಳಿ ಕಾರುಗಳಿಂದ ತಿಳಿಯುವುದು

ಮಾಲೀಕರ ಮನಸ್ಸಿನಲ್ಲಿರುವ ಬ್ರ್ಯಾಂಡಿನ ಹೆಸರು ಉತ್ತರವನ್ನು ಬಾಗಿಸುತ್ತದೆಯೇ ಎಂದು ನೋಡಲು ಅವಳಿ ಕಾರುಗಳಿಗಿಂತ ಒಳ್ಳೆಯ ದಾರಿಯಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಜಂಟಿಯಾಗಿ ನಡೆಸಿದ ನುಮ್ಮಿ ಕಾರ್ಖಾನೆಯಲ್ಲಿ ಟೊಯೋಟಾ ಕೊರೋಲಾ ಮತ್ತು ಜಿಯೋ ಪ್ರಿಜ್ಮ್ ಒಂದೇ ಸೂರಿನಡಿ ತಯಾರಾಗುತ್ತಿದ್ದವು. ಅದೇ ಕಾರ್ಖಾನೆಯಲ್ಲಿ ಇಂದು ಟೆಸ್ಲಾ ಇದೆ. ಟೊಯೋಟಾ ಮ್ಯಾಟ್ರಿಕ್ಸ್, ಪಾಂಟಿಯಾಕ್ ವೈಬ್ ಇನ್ನೊಂದು ಜೋಡಿ. ಎಂಜಿನ್ ಒಂದೇ, ಲಾಂಛನ ಬೇರೆ.

ಇಂಥ ಜೋಡಿಯ ಅಂಕದಲ್ಲಿ ವ್ಯತ್ಯಾಸ ಕಂಡರೆ ಅದನ್ನು ಪೂರ್ತಿ ಪಕ್ಷಪಾತ ಎನ್ನಬೇಕಿಲ್ಲ. ಕೊಳ್ಳುವ ಜನ, ಓಡಿಸುವ ರೀತಿ, ಡೀಲರ್ ಸರ್ವಿಸ್ ಬೇರೆಯಾಗಿರುತ್ತದೆ. ಆದರೆ ಗಾಡಿಗೆ ಸಂಬಂಧಿಸದ ಕಾರಣಗಳಿಂದ ಅಂಕ ಎಷ್ಟು ಅಲುಗುತ್ತದೆ ಎಂಬುದಕ್ಕೆ ಅದೇ ಅಳತೆ. ನೀವು ನೋಡುತ್ತಿರುವ ಗಾಡಿಗೆ ಅವಳಿ ಇದ್ದರೆ ಎರಡರ ಚಾರ್ಟನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ ಒಂದೇ ಸಾಲು ಕೆಂಪಾಗಿದ್ದರೆ ಆ ದೋಷ ಖಚಿತ. ಒಂದರಲ್ಲಿ ಮಾತ್ರ ಇದ್ದರೆ ಅನುಮಾನಿಸಿ. ಹೆಸರು ಚಿಕ್ಕದಾದ ಅವಳಿ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ಬಿಡಬೇಡಿ.

ನಮ್ಮ ಬಿಡದಿಯಲ್ಲೂ ಇಂಥ ಜೋಡಿ ಇದೆ: ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ. ಊರಿನಿಂದ ಯಾರಾದರೂ ಅಮೆರಿಕದ ಪಟ್ಟಿ ನೋಡಿ ಕಾರು ಹೇಳಿ ಎಂದು ಕೇಳಿದರೆ ಹೇಳದಿರುವುದೇ ಒಳ್ಳೆಯದು. ಎಂಜಿನ್, ಗೇರ್‌ಬಾಕ್ಸ್, ಇಂಧನ, ರಸ್ತೆ, ಸರ್ವಿಸ್ ಎಲ್ಲವೂ ಬೇರೆ. ಆ ಚುಕ್ಕೆ ಬೆಂಗಳೂರಿಗೆ ಅನ್ವಯಿಸುವುದಿಲ್ಲ.

ಸಮೀಕ್ಷೆಯಲ್ಲದ ದಾಖಲೆಗಳು

ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸರ್ಕಾರಿ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅದರ ಆಧಾರದ ಮೇಲೆ ತಪಾಸಣಾ ಸಂಸ್ಥೆ ಟ್ಯೂವ್ ಕೊಡುವ ವರದಿಯಲ್ಲಿ ಯಾರ ಅಭಿಪ್ರಾಯವೂ ಇಲ್ಲ, ಗಾಡಿಯನ್ನು ಎತ್ತಿ ನೋಡಿದವರ ಬರಹ ಮಾತ್ರ. ಆದರೆ ಅದು ನೋಡುವುದು ಸುರಕ್ಷತೆ: ಬ್ರೇಕ್, ಲೈಟು, ಆಕ್ಸಲ್, ಎಣ್ಣೆ ಸೋರಿಕೆ, ಹೊಗೆ. ಗೇರ್‌ಬಾಕ್ಸ್ ಜರ್ಕ್ ಹೊಡೆದರೂ ಪಾಸು. ಟ್ಯೂವ್ 2024ರ ವರದಿಯಲ್ಲಿ ಎರಡು-ಮೂರು ವರ್ಷದ ಕಾರುಗಳ ಸಾಲಿನ ಕೊನೆಯಲ್ಲಿ ಟೆಸ್ಲಾ ಮಾಡೆಲ್ 3 ಇತ್ತು, ಶೇ. 14.7ರಷ್ಟಕ್ಕೆ ಗಮನಾರ್ಹ ದೋಷ. ಬ್ರೇಕ್ ಡಿಸ್ಕು, ಆಕ್ಸಲ್, ಲೈಟಿನ ದೂರುಗಳವು. ಎಲೆಕ್ಟ್ರಿಕ್ ಕಾರು ಮೋಟಾರಿನಿಂದಲೇ ವೇಗ ತಗ್ಗಿಸುವುದರಿಂದ ಡಿಸ್ಕು ಬಳಕೆಯಾಗದೆ ತುಕ್ಕು ಹಿಡಿಯುತ್ತದೆ. ವರ್ಷ ವರ್ಷ ಸರ್ವಿಸಿಗೆ ಹೋಗದ ಗಾಡಿಯಲ್ಲಿ ಅದು ತಪಾಸಣೆಯ ದಿನವೇ ಗೊತ್ತಾಗುತ್ತದೆ. ಇದು ನಿರ್ವಹಣೆಯ ಸುದ್ದಿ, ಬ್ಯಾಟರಿ ಕೈಕೊಟ್ಟ ಸುದ್ದಿಯಲ್ಲ.

ಜರ್ಮನಿಯದೇ ಎಡಿಎಸಿ ಎಂಬ ವಾಹನ ಮಾಲೀಕರ ಸಂಘ ರಸ್ತೆಯಲ್ಲಿ ನಿಂತ ಗಾಡಿಗೆ ಸಹಾಯಕ್ಕೆ ಹೋದ ಲೆಕ್ಕ ಕೊಡುತ್ತದೆ. ಅಲ್ಲಿ ಶೇ. 40ಕ್ಕೂ ಹೆಚ್ಚು ಕರೆ 12 ವೋಲ್ಟ್ ಬ್ಯಾಟರಿಯದೇ.

ಅಮೆರಿಕದಲ್ಲಿರುವವರಿಗೆ ಇವೆರಡಕ್ಕಿಂತ ಬೆಲೆಬಾಳುವುದು ಎನ್‌ಎಚ್‌ಟಿಎಸ್‌ಎ ಎಂಬ ಸರ್ಕಾರಿ ಸುರಕ್ಷತಾ ಸಂಸ್ಥೆಯ ವೆಬ್‌ಸೈಟು. ಪುಕ್ಕಟೆ. ಅಲ್ಲಿ ದೂರುಗಳ ಸಂಖ್ಯೆಯನ್ನು ಹೋಲಿಸಬೇಡಿ: ಹೆಚ್ಚು ಮಾರಾಟವಾದ ಕಾರಿಗೆ ಹೆಚ್ಚು ದೂರು, ರೀಕಾಲ್ ಸುದ್ದಿ ಬಂದ ವಾರ ಇನ್ನೂ ಹೆಚ್ಚು. ದೂರಿನ ಒಕ್ಕಣೆ ಓದಿ. ಇಪ್ಪತ್ತು ಜನ ಬೇರೆ ಬೇರೆ ರಾಜ್ಯಗಳಿಂದ ‘60,000 ಮೈಲಿ ಹೊತ್ತಿಗೆ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ನಡುಕ’ ಎಂದು ಒಂದೇ ಲಕ್ಷಣ ಬರೆದಿದ್ದರೆ ಅದು ದೋಷದ ಗುರುತು. ಅದೇ ಪುಟದಲ್ಲಿ ಕಂಪನಿಯು ಡೀಲರ್‌ಗಳಿಗೆ ಕಳಿಸಿದ ಸರ್ವಿಸ್ ಬುಲೆಟಿನ್‌ಗಳೂ ಇರುತ್ತವೆ. ವಾರಂಟಿ ಹಿಗ್ಗಿಸಿದ ಪತ್ರ ಸಿಕ್ಕಿದರೆ ಯಾವ ಸಮೀಕ್ಷೆಯೂ ಬೇಡ. ಸುಬಾರು ಹಲವು ವರ್ಷಗಳ ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1 ಲಕ್ಷ ಮೈಲಿ, ನಿಸ್ಸಾನ್ 2013–16ರ ಆಲ್ಟಿಮಾ ಸಿವಿಟಿಗೆ 7 ವರ್ಷ ಅಥವಾ 84,000 ಮೈಲಿ ವಾರಂಟಿ ಕೊಟ್ಟವು. ಕಂಪನಿ ತನ್ನ ಕೈಯಿಂದ ದುಡ್ಡು ಹಾಕಲು ಒಪ್ಪುವುದು ಲೆಕ್ಕ ಹಾಕಿಯೇ.

ಯಾರು ಯಾವುದನ್ನು ನೋಡಬೇಕು

ಮೂರು ವರ್ಷಕ್ಕೆ ಲೀಸ್ ತೆಗೆದುಕೊಂಡು ವಾಪಸು ಕೊಡುವವರಿಗೆ ಜೆ.ಡಿ. ಪವರ್ ಸಾಕು. ಎಂಜಿನ್ ವಾರಂಟಿಯಲ್ಲಿರುತ್ತದೆ, ದಿನವೂ ಕಾಡುವುದು ಸ್ಕ್ರೀನೇ.

ಹೊಸದು ಕೊಂಡು ಹತ್ತು ವರ್ಷ ಓಡಿಸುವವರು ಕನ್ಸ್ಯೂಮರ್ ರಿಪೋರ್ಟ್ಸ್‌ನಲ್ಲಿ ಅದೇ ಎಂಜಿನ್-ಗೇರ್‌ಬಾಕ್ಸ್ ಜೋಡಿ ಇರುವ ಹಳೆಯ ಮಾಡೆಲ್‌ಗಳ ಎಂಟ್ಹತ್ತು ವರ್ಷದ ಚಾರ್ಟು ನೋಡಬೇಕು. ಒಟ್ಟು ಅಂಕ ಬಿಡಿ. ‘ಎಂಜಿನ್ ಮೇಜರ್’, ‘ಟ್ರಾನ್ಸ್‌ಮಿಷನ್ ಮೇಜರ್’, ಕೂಲಿಂಗ್ ಈ ಮೂರು ಸಾಲು ಎಡದಿಂದ ಬಲಕ್ಕೆ ಓದಿ. ಎಲೆಕ್ಟ್ರಾನಿಕ್ಸ್ ಸಾಲು ಕೆಂಪಾಗಿ ಈ ಮೂರೂ ಹಸಿರಾಗಿರುವ ಗಾಡಿಯನ್ನು ಧೈರ್ಯವಾಗಿ ಕೊಳ್ಳಬಹುದು. ಚಂದಾ ಕಟ್ಟುವ ಮೊದಲು ನಿಮ್ಮೂರಿನ ಪಬ್ಲಿಕ್ ಲೈಬ್ರರಿ ಕಾರ್ಡಿನಲ್ಲಿ ಆನ್‌ಲೈನ್ ಪ್ರವೇಶ ಇದೆಯೇ ನೋಡಿ, ಬಹಳ ಕಡೆ ಇರುತ್ತದೆ.

ಆರರಿಂದ ಹತ್ತು ವರ್ಷದ ಕಾರು ಕೊಳ್ಳುವವರಿಗೆ, ಹೊಸದಾಗಿ ಓದಲು ಅಥವಾ ಕೆಲಸಕ್ಕೆ ಬಂದವರಿಗೆ, ರೇಟಿಂಗ್ ಅರ್ಧ ದಾರಿ ಮಾತ್ರ. ಕನ್ಸ್ಯೂಮರ್ ರಿಪೋರ್ಟ್ಸ್ ಸದಸ್ಯರು ಗಾಡಿಯನ್ನು ಕಾಳಜಿಯಿಂದ ನೋಡಿಕೊಳ್ಳುವ ಜನ. ಆ ಹಸಿರು ಚುಕ್ಕೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ಕ್ಯಾಮ್ರಿಯದು, ನಿಮ್ಮ ಮುಂದೆ ನಿಂತಿರುವ, ದಾಖಲೆಯಿಲ್ಲದ ಕ್ಯಾಮ್ರಿಯದಲ್ಲ. ಹೆಸರಿಗೆ ಕೊಡುವ ಹೆಚ್ಚಿನ ಹಣವನ್ನೂ ತೂಗಿ: ಒಂದು ಹಂತ ಮೇಲಿರುವ ಗಾಡಿಗೆ 3,000 ಡಾಲರ್ ಹೆಚ್ಚು ಕೇಳುತ್ತಿದ್ದರೆ, ಪೂರ್ತಿ ಸರ್ವಿಸ್ ರಸೀದಿ ಇರುವ, ಮಧ್ಯಮ ರೇಟಿಂಗ್‌ನ ಗಾಡಿಯೇ ಲೇಸು.

ಅಂಥ ಗಾಡಿ ಗೊತ್ತುಮಾಡಿದ ಮೇಲೆ 17 ಅಕ್ಷರದ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಹತ್ತನೆಯ ಅಕ್ಷರ ಮಾಡೆಲ್ ವರ್ಷ: ಸಿ ಇದ್ದರೆ 2012, ಡಿ 2013, ಎನ್ 2022, ಪಿ 2023. ಮಾರಾಟವಾದ ವರ್ಷಕ್ಕೂ ಮಾಡೆಲ್ ವರ್ಷಕ್ಕೂ ವ್ಯತ್ಯಾಸ ಇರುವುದರಿಂದ ಚಾರ್ಟಿನ ತಪ್ಪು ಕಾಲಮ್ ಓದುವುದು ಇಲ್ಲೇ. ಅದೇ ವಿಐಎನ್ ಅನ್ನು ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ಹಾಕಿ ಬಾಕಿ ರೀಕಾಲ್ ನೋಡಿ. ಡೀಲರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಹತ್ತಿರ ಒಯ್ದು, ಚಾರ್ಟಿನಲ್ಲಿ ಕೆಂಪಿದ್ದ ಸಾಲನ್ನು ಹೆಸರಿಸಿ ‘ಇದನ್ನೇ ನೋಡಿ’ ಎಂದು ಹೇಳಿ.

ಜೊತೆಗೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಒಂದು ಅಗ್ಗದ ಒಬಿಡಿ ರೀಡರ್ ಇಟ್ಟುಕೊಳ್ಳಿ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದೀಚಿನ ಎಲ್ಲ ಪೆಟ್ರೋಲ್ ಕಾರಿನಲ್ಲೂ ಸ್ಟಿಯರಿಂಗ್ ಕೆಳಗಡೆ ಅದರ ಸಾಕೆಟ್ ಇರುತ್ತದೆ. ಚೆಕ್ ಎಂಜಿನ್ ಲೈಟ್ ಆರಿದೆ ಎಂದು ಸಮಾಧಾನಪಡದೆ ‘ರೆಡಿನೆಸ್ ಮಾನಿಟರ್’ (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ) ಪುಟ ತೆರೆಯಿರಿ. ಒಂದು ಅಪೂರ್ಣ ಇದ್ದರೆ ಚಿಂತೆಯಿಲ್ಲ. ನಾಲ್ಕೈದು ಅಪೂರ್ಣ ಎಂದು ಬಂದರೆ ಬ್ಯಾಟರಿ ಬಿಚ್ಚಿದ್ದಾರೆ, ಇಲ್ಲವೇ ಕೋಡ್ ಅಳಿಸಿದ್ದಾರೆ. ಮಾರುವವರಿಗೆ ಇನ್ನೊಂದು ವಾರ ಓಡಿಸಲು ಹೇಳಿ, ಆಮೇಲೆ ಮತ್ತೆ ರೀಡರ್ ಹಾಕಿ ನೋಡಿ, ಅಲ್ಲಿಯವರೆಗೆ ಮುಂಗಡ ಕೊಡಬೇಡಿ.